ತಕರಾರಿಲ್ಲದ ಆಟ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಯಾವ ಜಗಲಿಯ ಮೇಲೆ ಕೂತರೂ ಮೊಬೈಲ್ ಆಟದ ಬಗ್ಗೆ ಒಂದೇ ದೂರು ಕೇಳುತ್ತದೆ: ಮಕ್ಕಳು ಕೆಟ್ಟವು. ಈ ದೂರನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಚಟ ಹತ್ತಿಸುವ ಯಂತ್ರವನ್ನು ಎಲ್ಲಿಂದಲೋ ತಂದು ನಮ್ಮ ಮೇಲೆ ಹೇರಿದರು ಎಂಬಂತೆ ಮಾತಾಡುತ್ತೇವೆ. ಅದರ ಮೊದಲ ಪಟ್ಟು ಇದ್ದದ್ದು ಅದೇ ಜಗಲಿಯ ಮೇಲೆ.

ಚೌಕಾಬಾರವನ್ನೇ ನೋಡಿ. ಹುಣಸೆ ಕುಟ್ಟುವ ಈ ಸೀಮೆಯಲ್ಲಿ ಬೀಜಕ್ಕೆ ಬರವಿಲ್ಲ. ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ದಾಳ ಸಿದ್ಧ. ಸೀಮೆಸುಣ್ಣದಲ್ಲಿ ಐದೈದು ಮನೆ ಎಳೆದರೆ ಆಟವೂ ಸಿದ್ಧ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಎರಡಕ್ಕೂ ಇನ್ನೊಂದು ಗರ. ಬೀಜ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಈ ಅದೃಷ್ಟ ಸರಾಸರಿ 8 ಗರಕ್ಕೊಮ್ಮೆ. ಯಾವ ಗರಕ್ಕೆ ಎಂಬುದು ಮಾತ್ರ ಯಾರಿಗೂ ತಿಳಿಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದನ್ನೇ. ಇಷ್ಟು ಸಲ ಕುಕ್ಕಿದರೆ ಕಾಳು ಎಂಬ ಲೆಕ್ಕ ಖಚಿತವಿದ್ದರೆ, ಕಾಳು ಸಿಕ್ಕ ಮೇಲೆ ಪಾರಿವಾಳ ಒಂದಷ್ಟು ಹೊತ್ತು ಸುಮ್ಮನಿರುತ್ತದೆ. ಲೆಕ್ಕ ತಪ್ಪಿಸಿ ಕೊಟ್ಟರೆ ಬಿಡುವಿಲ್ಲದೆ ಕುಕ್ಕುತ್ತದೆ. ಧರ್ಮರಾಯನೂ ಎದ್ದು ಹೋಗಲಾರದೆ ಕೂತದ್ದು ದಾಳದ ಮುಂದೆಯೇ ಅಲ್ಲವೆ?

ಹಾಗಾಗಿ 2016ರಲ್ಲಿ ಗೇಮೆಟಿಯನ್ ಕಂಪನಿ ಹೊರತಂದ ಲೂಡೋ ಕಿಂಗ್ ಈ ಕಡೆಯವರಿಗೆ ಹೊಸದೆನಿಸಲಿಲ್ಲ. ಪಚ್ಚೀಸಿಯಿಂದ ಹುಟ್ಟಿದ ಲೂಡೋಗೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಅದು ಫೋನಿನೊಳಗೆ ಕೂತು ನಮ್ಮೂರಿಗೆ ಮರಳಿತು. 2020ರ ಲಾಕ್‌ಡೌನಿನಲ್ಲಂತೂ ಮನೆಮನೆಗೆ ಹೊಕ್ಕಿತು. ಆರು ಬಿದ್ದರೆ ಇನ್ನೊಂದು ಗರ, ಕಾಯಿ ಕಡಿದರೆ ಇನ್ನೊಂದು ಗರ. ಚೌಕಾಬಾರದಲ್ಲಿ ಕಾಟು ಹಾಕಿದ ಮನೆಯ ಜಾಗದಲ್ಲಿ ಇಲ್ಲಿ ನಕ್ಷತ್ರ. ಕಸುಬುದಾರಿಕೆಯಲ್ಲಿ ಇದು ಒಳ್ಳೆಯ ಕೆಲಸ: ಅಜ್ಜಿಗೂ ಓದದೆ ಅರ್ಥವಾಗುತ್ತದೆ, ಸಣ್ಣ ಫೋನಿನಲ್ಲೂ ಓಡುತ್ತದೆ. ನಡುನಡುವೆ ನುಗ್ಗುವ ಜಾಹೀರಾತು, ಸೋತವನ ಮುಂದೆ ಕುಣಿಯುವ ನಾಣ್ಯಗಳ ರಾಶಿ ಮಾತ್ರ ಸಂತೆಯ ಗದ್ದಲ.

ದಾಳದ ಮೇಲೆ ನಮಗಿರುವ ಭ್ರಮೆಯನ್ನೂ ಅದು ಜೋಪಾನವಾಗಿ ಉಳಿಸಿಕೊಂಡಿದೆ. ಬರಿಯ ಅದೃಷ್ಟದ ಆಟದಲ್ಲೂ ನಮ್ಮ ಕೈಚಳಕ ನಡೆಯುತ್ತದೆಂದು ನಂಬುವ ಮನಸ್ಸಿನ ಗುಣವನ್ನು ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಬೀಜವನ್ನು ಅಂಗೈಯಲ್ಲಿ ಕುಲುಕಿ, ಉಸಿರೂದಿ, ‘ಬಾರ ಬೀಳಲಿ’ ಎಂದು ಕೂಗುತ್ತಿದ್ದವರ ಮೊಮ್ಮಕ್ಕಳು ಈಗ ಗಾಜಿನ ಮೇಲೆ ಬೆರಳಿಟ್ಟು ಗಳಿಗೆ ಕಾಯುತ್ತಾರೆ.

ಹಾಗಾದರೆ ಕಳೆದುಹೋದದ್ದೇನು? ನನ್ನ ಲೆಕ್ಕದಲ್ಲಿ, ತಕರಾರು. ಚೌಕಾಬಾರದ ನಿಯಮ ಬೀದಿಬೀದಿಗೆ ಬೇರೆ. ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೆ, ಗಟ್ಟಿ ಕಟ್ಟಿದ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೆ, ಬೀಜ ಗೆರೆಯ ಮೇಲೆ ನಿಂತರೆ ಗರ ಲೆಕ್ಕಕ್ಕುಂಟೆ? ಪ್ರತಿಯೊಂದಕ್ಕೂ ಜಗಳ. ಪಾವಗಡದ ಕಡೆ ಆ ಜಗಳ ಅರ್ಧ ತೆಲುಗಿನಲ್ಲಿ. ಕೊನೆಗೆ ಯಾರೋ ದೊಡ್ಡವರು ‘ಇವತ್ತಿಗೆ ಹಿಂಗಿರಲಿ’ ಅನ್ನಬೇಕು. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಗೋಲಿಯಾಡುವ ಹುಡುಗರ ಜೊತೆ ಕೂತು, ನಿಯಮ ಎಲ್ಲಿಂದ ಬಂತು ಎಂದು ಕೇಳಿ ಕೇಳಿ ಬರೆದುಕೊಂಡ ಪುಸ್ತಕ 1932ರಲ್ಲಿ ಬಂತು. ಚಿಕ್ಕ ಮಕ್ಕಳಿಗೆ ನಿಯಮವೆಂದರೆ ದೊಡ್ಡವರೋ ದೇವರೋ ಕೊಟ್ಟದ್ದು, ಮುಟ್ಟಬಾರದ್ದು. ಹತ್ತು ದಾಟುವ ಹೊತ್ತಿಗೆ ಅದು ನಾವೇ ಮಾಡಿಕೊಂಡ ಒಪ್ಪಂದ, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂಬುದು ತಿಳಿಯುತ್ತದೆ. ಆ ತಿಳಿವಳಿಕೆ ಬರುವುದು ಓರಗೆಯವರ ಜೊತೆ ಆಡುತ್ತಾ, ವಾದಿಸುತ್ತಾ. ಲೂಡೋ ಕಿಂಗ್‌ನಲ್ಲಿ ಕಳ್ಳಾಟ ಸಾಧ್ಯವಿಲ್ಲ, ಆದ್ದರಿಂದ ವಾದಕ್ಕೂ ಜಾಗವಿಲ್ಲ. ಎಲ್ಲಿ ಆಯ್ಕೆ ಇರಬೇಕೆಂಬುದನ್ನೂ ಕಂಪನಿ ಮೊದಲೇ ತೀರ್ಮಾನಿಸಿರುತ್ತದೆ. ನಿಯಮದ ಮಟ್ಟಿಗೆ ಹದಿನೈದರ ಹುಡುಗನೂ ಅಲ್ಲಿ ಐದರ ಮಗು.

ಗಳಿಕೆಯನ್ನೂ ಹೇಳಬೇಕು. ಬೆಂಗಳೂರಿನ ಗಾರ್ಮೆಂಟ್ಸಿಗೆ ದುಡಿಯಲು ಹೋದ ಅಕ್ಕ, ಊರಲ್ಲಿ ಉಳಿದ ತಮ್ಮನ ಕಾಯಿಯನ್ನು ಅಲ್ಲಿಂದಲೇ ಕಡಿಯಬಹುದು. ದೊಡ್ಡವಳಾದ ಮೇಲೆ ಜಗಲಿಗೆ ಬಾರದಂತೆ ತಡೆಯಲಾದ ಹುಡುಗಿಗೆ ಒಳಕೋಣೆಯಲ್ಲೇ ಆಟ ಸಿಕ್ಕಿತು. ಹಳೆಯ ಆಟವನ್ನು ಹೊಗಳುವವರು ಇವಳನ್ನು ಮರೆಯುತ್ತಾರೆ.

ಕಾನೂನಿನ ಲೆಕ್ಕವೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಯುಗಾದಿಯ ಇಸ್ಪೀಟು ಕಂಡ ನಾಡಿಗೆ ಹಣದ ಗೆರೆ ಸುಲಭವಾಗಿ ಅರ್ಥವಾಗುತ್ತದೆ. ಹಣವಿಲ್ಲದೆ ಹೊತ್ತು ತಿನ್ನುವ ಆಟ ಆ ಗೆರೆಯ ಈಚೆಗೇ ಉಳಿಯಿತು.

ಲೂಡೋ ಕಿಂಗ್‌ನ ಒಳಗೇ ಮೇಲು ಕೀಳು ಹೇಳಬೇಕೆಂದರೆ, ಕಂಪ್ಯೂಟರಿನ ಎದುರು ಒಬ್ಬರೇ ಆಡುವುದಕ್ಕೆ ನನ್ನಲ್ಲಿ ಕೊನೆಯ ಸ್ಥಾನ. ಅಪರಿಚಿತರ ಜೊತೆಗಿನದು ಅದಕ್ಕಿಂತ ಸ್ವಲ್ಪ ವಾಸಿ. ನಾಲ್ವರು ಸುತ್ತ ಕೂತು ಒಂದೇ ಫೋನಿನಲ್ಲಿ ಸರದಿಯಂತೆ ಆಡುವುದಕ್ಕೆ ಮೊದಲ ಸ್ಥಾನ. ಅಲ್ಲಿ ಒಬ್ಬನ ಸರದಿಯನ್ನು ಇನ್ನೊಬ್ಬ ಒತ್ತಿಬಿಡುತ್ತಾನೆ. ಬ್ಯಾಟರಿ ಸತ್ತರೆ, ಯಾರ ಕಾಯಿ ಹಣ್ಣಾಗಿತ್ತು, ಯಾರದು ಇನ್ನೂ ಹೊರಗಿತ್ತು ಎಂದು ಕಂಪನಿಯನ್ನು ಕೇಳದೆ ಅವರವರೇ ಕಿತ್ತಾಡಿ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.