ಬೇಹುಗಾರನ ಪಾತ್ರಕ್ಕೆ ಯಾರು ಸರಿ?

ಡೊಂಬಿವಲಿಯಲ್ಲೋ ಥಾಣೆಯಲ್ಲೋ ಇದನ್ನು ಓದುತ್ತಿರುವ ನೀವು, ಬೇಹುಗಾರ ಅಂದ ಕೂಡಲೇ ಕೋಟು, ಪಿಸ್ತೂಲು ನೆನೆಯುತ್ತೀರಿ. ಅಷ್ಟೇ ಸಾಕಾ?

1962ರಲ್ಲಿ ಶಾನ್ ಕಾನರಿ ಜೇಮ್ಸ್ ಬಾಂಡ್ ಆದರು. ಅದೇ ವರ್ಷ ನಮ್ಮ ರಾಜ್‌ಕುಮಾರ್ 'ಮಹಾತ್ಮ ಕಬೀರ್' ಚಿತ್ರದಲ್ಲಿ ನೇಕಾರ ಸಂತ. 1968ರಲ್ಲಿ ದೊರೈ-ಭಗವಾನ್ ಅವರ 'ಜೇಡರ ಬಲೆ'ಯಲ್ಲಿ ಅವರೇ ಸಿಐಡಿ 999! ಜನ ಒಪ್ಪಿದರು, ಅದೇ ಪಾತ್ರದ ಇನ್ನೂ ಮೂರು ಚಿತ್ರಗಳು ಬಂದವು.

ಯಾಕೆ? ವೇಷ ಹಾಕೋದು, ಸುಳ್ಳು ಹೇಳೋದು ಬೇಹುಗಾರನ ಕೆಲಸ. ಏನೇ ವೇಷ ಹಾಕಿದರೂ ಇವನು ಒಳಗೆ ನಮ್ಮವನೇ ಅನ್ನೋ ನಂಬಿಕೆ ನೋಡುವವರಿಗೆ ಇರಬೇಕು. ಆ ನಂಬಿಕೆಯನ್ನು ರಾಜ್ ಕಬೀರನಂಥ ಪಾತ್ರಗಳಲ್ಲೇ ಗಳಿಸಿದ್ದರು. ಕಬೀರನಾಗಲು ಅವರಿಗೆ ಹೆಸರು ಅಡ್ಡ ಬರಲಿಲ್ಲ. 2023ರ 'ಪಠಾಣ್' ಚಿತ್ರದಲ್ಲಿ ದೇಶದ ಬೇಹುಗಾರನಾದ ಶಾರುಖ್ ಖಾನ್‌ರನ್ನೂ ಹೆಸರಿನಿಂದಲ್ಲ, ನಟನೆಯಿಂದ ಅಳೆಯಿರಿ.