ಫ್ಲಾರಿಡಾದ ಕೆನಡಾದಲ್ಲಿ ಒಂದೂಟ

ಸೂಪಿನ ಬಟ್ಟಲು ಮೇಜಿಗೆ ಬಂದ ಕೂಡಲೇ ಅಕ್ಕನ ಮಗಳು ಮೂಗು ಹತ್ತಿರ ತಂದು, “ಮಾಮ, ನೋಡೋಕೆ ನಮ್ಮಜ್ಜಿ ಮಾಡ್ತಿದ್ದ ಅಂಬಲಿ ಥರಾನೇ ಇದೆ” ಅಂದಳು. ಅವಳು ಹುಟ್ಟಿದ್ದು ಜಯನಗರದಲ್ಲಿ, ಬೆಳೆದದ್ದೆಲ್ಲ ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿ. ಪಾಸ್‌ಪೋರ್ಟ್ ಕೆನಡಾದ್ದು. ಆದರೆ ಕೆನಡಾದ ಚೆಡರ್ ಚೀಸ್ ಸೂಪ್ ಎಂಬುದನ್ನು ಅವಳು ಮೊದಲ ಸಲ ಕಂಡದ್ದು ಅವತ್ತು, ಅದೂ ಕೆನಡಾದಲ್ಲಲ್ಲ. ಫ್ಲಾರಿಡಾದ ಬೆವರು ಹರಿಯುವ ಸೆಕೆಯಲ್ಲಿ, ಡಿಸ್ನಿಯವರ ಎಪ್ಕಾಟ್ ಪಾರ್ಕಿನೊಳಗೆ, ಲ ಸೆಲಿಯೆ ಎಂಬ ನೆಲಮಾಳಿಗೆಯಂಥ ಹೋಟೆಲಿನಲ್ಲಿ.

ಹತ್ತಾರು ಊರಿನ ಊಟದ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದೇನೆ. ನಕಲಿ ಊರಿನ ಊಟದ ಬಗ್ಗೆ ಬರೆಯುತ್ತಿರುವುದು ಇದೇ ಮೊದಲು. ನಕಲಿ ಎಂದು ತಾತ್ಸಾರ ಮಾಡುವಂತೆಯೂ ಇಲ್ಲ. ಒಂದು ದೇಶವನ್ನು ಮೂರು ಬಗೆ ತಿಂಡಿ, ಒಂದು ಕಟ್ಟಡ, ಹದಿನೈದು ನಿಮಿಷದ ಸಿನಿಮಾದಲ್ಲಿ ತೋರಿಸಿ ಎಂದರೆ ಏನು ಇಡುತ್ತೀರಿ, ಏನು ಬಿಡುತ್ತೀರಿ? ಕರ್ನಾಟಕಕ್ಕೆ ಬಿಸಿಬೇಳೆಬಾತ್ ಇಟ್ಟರೆ ವಿಜಯಪುರದವರು ಸುಮ್ಮನಿರುತ್ತಾರೆಯೇ?

ಎಪ್ಕಾಟ್ ತೆರೆದದ್ದು 1982ರ ಅಕ್ಟೋಬರ್ 1ಕ್ಕೆ. ಅದರ ಒಂದು ಭಾಗದಲ್ಲಿ ಕೆರೆಯೊಂದರ ಸುತ್ತ 11 ದೇಶಗಳ ಮಂಟಪಗಳಿವೆ. ಪೂರ್ತಿ ಸುತ್ತು ಹಾಕಿದರೂ ಎರಡು ಕಿಲೋಮೀಟರ್ ಆಗುವುದಿಲ್ಲ. ಅಮೆರಿಕ ದೂರದ ದಡದಲ್ಲಿ ನಟ್ಟನಡುವೆ ಕೂತಿದೆ, ಅದರ ನೆರೆಯವರಾದ ಮೆಕ್ಸಿಕೊ, ಕೆನಡಾ ಈ ದಡದಲ್ಲಿ ದ್ವಾರಪಾಲಕರ ಹಾಗೆ ಆಚೆಗೊಂದು ಈಚೆಗೊಂದು ನಿಂತಿವೆ. ಭೂಗೋಳ ಅಷ್ಟರಮಟ್ಟಿಗೆ ಸರಿಯಾಗಿದೆ.

ಕೆನಡಾದ ಮಂಟಪದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೋಟೆಯಂಥ ದೊಡ್ಡ ಹೋಟೆಲು. ಒಟ್ಟಾವಾದಲ್ಲಿ 1912ರಲ್ಲಿ ತೆರೆದ ಶಾಟೊ ಲೋರಿಯೆ ಅದಕ್ಕೆ ಮಾದರಿ. ಮೇಲಿನ ಕಿಟಕಿಗಳನ್ನು ಚಿಕ್ಕದು ಮಾಡುತ್ತ ಹೋಗಿ ಕಟ್ಟಡ ಇರುವುದಕ್ಕಿಂತ ಎತ್ತರ ಕಾಣುವಂತೆ ಮಾಡಿದ್ದಾರೆ. ಗೋಪುರದ ನೆಲೆಗಳು ಮೇಲೆ ಹೋದಂತೆ ಕಿರಿದಾಗುವುದನ್ನು ನೋಡಿ ಬೆಳೆದ ನಮಗೆ ಈ ಉಪಾಯ ಹೊಸದಲ್ಲ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಕೆನಡಾದ ಆ ಕೋಟೆ ಹೋಟೆಲುಗಳಲ್ಲಿ ಯಾವ ರಾಜನೂ ಇರಲಿಲ್ಲ, ಪ್ರವಾಸಿಗರನ್ನು ರೈಲು ಹತ್ತಿಸಲೆಂದು ರೈಲ್ವೆ ಕಂಪನಿಗಳೇ ಕಟ್ಟಿಸಿದ ವೇಷ ಅವು. ಹಾಗಾಗಿ ಫ್ಲಾರಿಡಾದಲ್ಲಿರುವುದು ಜಾಹೀರಾತಿನ ಜಾಹೀರಾತು. ಪಕ್ಕದ ತೋಟಕ್ಕೆ ವಿಕ್ಟೋರಿಯಾ ಊರಿನ ಹತ್ತಿರದ ಬುಚಾರ್ಟ್ ತೋಟ ಸ್ಫೂರ್ತಿ. ಅಲ್ಲಿ ಸಿಮೆಂಟ್ ಕಾರ್ಖಾನೆಯವರು ಅಗೆದು ಬಿಟ್ಟ ಸುಣ್ಣಕಲ್ಲಿನ ಕ್ವಾರಿಯಲ್ಲಿ ಮಾಲೀಕನ ಹೆಂಡತಿ ಹೂವು ಬೆಳೆದಳು. ಇಲ್ಲಿ ಸಿಮೆಂಟನ್ನೇ ಬೆಟ್ಟ ಮಾಡಿ ಜಲಪಾತ ಬಿಟ್ಟಿದ್ದಾರೆ.

ಮಂಟಪದ ಎದುರಿನ ಟೋಟೆಮ್ ಕಂಬಗಳು ಮೊದಲು ಫೈಬರ್‌ಗ್ಲಾಸಿನವು. 1998ರಲ್ಲಿ ಡೇವಿಡ್ ಬಾಕ್ಸ್ಲಿ ಎಂಬ ಸಿಮ್ಶಿಯನ್ ಬುಡಕಟ್ಟಿನ ಶಿಲ್ಪಿ ನಿಜವಾದ ಮರದ ಕಂಬವೊಂದನ್ನು ಕೆತ್ತಿಕೊಟ್ಟರು, 2017ರಲ್ಲಿ ಇನ್ನೆರಡು ಬಂದವು. ಹಳೆಯ ಕಂಬದಲ್ಲಿ ಕಾಗೆಯ ಜಾತಿಯ ರೇವನ್ ಹಕ್ಕಿ ಆಕಾಶದ ಒಡೆಯನನ್ನು ಮರುಳು ಮಾಡಿ ಪೆಟ್ಟಿಗೆಯಲ್ಲಿದ್ದ ಸೂರ್ಯ, ಚಂದ್ರ, ನಕ್ಷತ್ರಗಳನ್ನು ಬಿಡಿಸಿದ ಕಥೆಯಿದೆ. ಬಾಕ್ಸ್ಲಿ ಕೆನಡಾದವರಲ್ಲ, ಅಲಾಸ್ಕಾದ ಮೆಟ್ಲಕಾಟ್ಲದವರು. ಆದರೆ ಆ ಊರನ್ನು ಕಟ್ಟಿದ ಜನ 1887ರಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ ದೋಣಿಯಲ್ಲಿ ಗುಳೆ ಬಂದವರೇ. ಅದೇ ಕಾಲದಲ್ಲಿ, 1885ರಿಂದ 1951ರವರೆಗೆ, ಪಾಟ್ಲ್ಯಾಚ್ ಎಂಬ ಈ ಬುಡಕಟ್ಟುಗಳ ದೊಡ್ಡ ಔತಣವನ್ನೇ ಕೆನಡಾ ಸರ್ಕಾರ ಕಾನೂನು ಮಾಡಿ ನಿಷೇಧಿಸಿತ್ತು. ಉಣಬಡಿಸುವುದು ಅಪರಾಧವಾಗಿದ್ದ ಕಾಲವದು. ಆ ಕಂಬದ ಕೆಳಗೆ ನಿಂತು ಜನ ಫೋಟೊ ತೆಗೆಸಿಕೊಂಡು ಮೇಪಲ್ ಪಾಪ್‌ಕಾರ್ನ್ ತಿನ್ನುತ್ತಿದ್ದರು. ನಾವೂ ತಿಂದೆವು.

ಸಿನಿಮಾದ ವಿಷಯ ಬೇಗ ಮುಗಿಸುತ್ತೇನೆ. ಒಂಬತ್ತು ಪರದೆಗಳು ಸುತ್ತಲೂ ಇರುತ್ತವೆ, ನಡುವೆ ನಿಂತೇ ನೋಡಬೇಕು. 1982ರ ಮೊದಲ ಚಿತ್ರ 2007ರವರೆಗೆ ಓಡಿತು. ಅಷ್ಟರಲ್ಲಿ ಕೆನಡಾದ ನಕ್ಷೆಯೇ ಬದಲಾಗಿ 1999ರಲ್ಲಿ ನೂನಾವುಟ್ ಎಂಬ ಹೊಸ ಆಡಳಿತ ಪ್ರದೇಶ ಹುಟ್ಟಿತ್ತು. ಆಮೇಲೆ ಹಾಸ್ಯನಟ ಮಾರ್ಟಿನ್ ಶಾರ್ಟ್ ಬಂದು ತಿದ್ದುಪಡಿ ಮಾಡಿದರು. 2020ರಿಂದ ಹೊಸ ಚಿತ್ರ, ಕ್ಯಾಥರೀನ್ ಓಹಾರ ಮತ್ತು ಯೂಜೀನ್ ಲೆವಿ ಅವರ ದನಿಯಲ್ಲಿ. ಮಾಂಟ್ರಿಯಲ್‌ನ 1967ರ ವಿಶ್ವಮೇಳದಲ್ಲೂ ಟೆಲಿಫೋನ್ ಕಂಪನಿಗಳ ಮಂಟಪದಲ್ಲಿ ಕೆನಡಾದ ಮೇಲೆ ಇದೇ ತಂತ್ರದ ಚಿತ್ರ ತೋರಿಸಿದ್ದರು, ತಂತ್ರವೂ ಡಿಸ್ನಿಯವರದೇ. ಕೆನಡಾವನ್ನು ಕೆನಡಾದವರಿಗೇ ತೋರಿಸುವ ಗುತ್ತಿಗೆ ಇವರಿಗೆ ಹಳೆಯದು.

ಈಗ ಊಟ.

ಲ ಸೆಲಿಯೆ ಎಂದರೆ ಫ್ರೆಂಚಿನಲ್ಲಿ ಉಗ್ರಾಣ. ತಗ್ಗು ಛಾವಣಿ, ಕಲ್ಲಿನ ಕಮಾನು, ಮಂದ ದೀಪ. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಒಂದು ನಿಮಿಷ ಕಣ್ಣೇ ಕಾಣುವುದಿಲ್ಲ. ಮೊದಲು ಸಾಲಿನಲ್ಲಿ ನಿಂತು ತಟ್ಟೆಗೆ ಬಡಿಸಿಕೊಳ್ಳುವ ಜಾಗವಾಗಿತ್ತಂತೆ, ಈಗ ತಿಂಗಳ ಮುಂಚೆ ಮೇಜು ಕಾಯ್ದಿರಿಸುವಷ್ಟು ದುಬಾರಿ ಹೋಟೆಲು. ಅಲ್ಲಿಗೆ ಹೆಸರು ತಂದದ್ದು ಈ ಸೂಪೇ. ಪಾಕವಿಧಾನ ಗುಟ್ಟಿನದಲ್ಲ, ಎಲ್ಲರೂ ಬರೆದಿಟ್ಟುಕೊಂಡಿದ್ದಾರೆ. ಹಂದಿಯ ಬೇಕನ್ ತುಂಡುಗಳನ್ನು ಹುರಿದು, ಅದರ ಜಿಡ್ಡಿನಲ್ಲೇ ಕೆಂಪು ಈರುಳ್ಳಿ, ಸೆಲರಿ ಬಾಡಿಸಿ, ಬೆಣ್ಣೆ ಹಾಕಿ, ಮೈದಾ ಉದುರಿಸಿ ಹಸಿವಾಸನೆ ಹೋಗುವವರೆಗೆ ತಿರುವಬೇಕು. ಕೋಳಿಯ ಸ್ಟಾಕ್, ಆಮೇಲೆ ಹಾಲು. ಉರಿ ಆರಿಸಿದ ಮೇಲೆ ತುರಿದ ಬಿಳಿ ಚೆಡರ್. ಇಲ್ಲಿ ಎಡವಿದರೆ ಕೆಟ್ಟಿತು, ಕುದಿಯುವಾಗ ಚೀಸ್ ಹಾಕಿದರೆ ಮಜ್ಜಿಗೆ ಹುಳಿ ಒಡೆದ ಹಾಗೆ ಒಡೆಯುತ್ತದೆ. ಕೊನೆಗೆ ಟಬಾಸ್ಕೊ, ವೂಸ್ಟರ್ ಸಾಸ್, ಬೆಚ್ಚಗೆ ಮಾಡಿದ ಅರ್ಧ ಲೋಟ ಬಿಯರ್. ಆ ಬಿಯರಿನ ಸಣ್ಣ ಕಹಿಯೇ ಇಡೀ ಬಟ್ಟಲನ್ನು ಎತ್ತಿ ನಿಲ್ಲಿಸುವುದು. ಅದಿಲ್ಲದಿದ್ದರೆ ಎರಡು ಚಮಚಕ್ಕೆ ಬಾಯಿ ಕಟ್ಟುತ್ತದೆ. ಜೊತೆಗೆ ಪ್ರೆಟ್ಸೆಲ್ ಹಿಟ್ಟಿನ ಕಂದು ಬ್ರೆಡ್. ಪ್ರೆಟ್ಸೆಲ್ ಜರ್ಮನ್ನರದಲ್ಲವೇ ಎಂದರೆ ಹೌದು, ಜರ್ಮನಿಯ ಮಂಟಪ ಹತ್ತು ನಿಮಿಷದ ದಾರಿ. ಸಸ್ಯಾಹಾರಿಯಾದ ಅಕ್ಕ ಆ ಬ್ರೆಡ್ಡನ್ನೇ ಮೂರು ತಿಂದು ಊಟ ಮುಗಿಸಿದಳು.

ಬಡಿಸಲು ಬಂದ ಹುಡುಗ ಕೆನಡಾದವನೇ. ಇಲ್ಲಿ ಕೆಲಸ ಮಾಡುವವರ ಎದೆಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಊರೂ ಇರುತ್ತದೆ. ತಮ್ಮ ದೇಶವನ್ನು ಪರಿಚಯಿಸುವ ಇಂಥ ಕೆಲಸಕ್ಕೆಂದೇ ಅಮೆರಿಕ 1990ರ ಕಾಯ್ದೆಯಲ್ಲಿ ಕ್ಯೂ ಎಂಬ ವೀಸಾ ವರ್ಗ ತಂದಿತು, ಗರಿಷ್ಠ 15 ತಿಂಗಳಿಗೆ. ಈ ಹುಡುಗನ ಬಿಲ್ಲೆಯಲ್ಲಿ ಹ್ಯಾಲಿಫ್ಯಾಕ್ಸ್ ಎಂದಿತ್ತು. ಮನೆಯಲ್ಲಿ ಈ ಸೂಪ್ ಮಾಡುತ್ತೀರಾ ಎಂದು ಅಕ್ಕನ ಮಗಳು ಕೇಳಿದಳು. ಅವನು ನಕ್ಕ. ಇಲ್ಲ, ಇಲ್ಲಿಗೆ ಬಂದ ಮೇಲೇ ತಿಂದದ್ದು. ನಮ್ಮೂರಲ್ಲಿ ರಾತ್ರಿ ಹಸಿವಾದರೆ ಡೊನೇರ್.

ಡೊನೇರ್ ಎಂದ ತಕ್ಷಣ ನಾನು ಚಮಚ ಕೆಳಗಿಟ್ಟೆ. 1970ರ ದಶಕದ ಶುರುವಿನಲ್ಲಿ ಗ್ರೀಸಿನಿಂದ ಬಂದವರು ಹ್ಯಾಲಿಫ್ಯಾಕ್ಸಿನಲ್ಲಿ ಯೀರೊ ಎಂಬ ತಮ್ಮ ರೊಟ್ಟಿ ಸುತ್ತಿದ ಮಾಂಸದ ತಿಂಡಿ ಮಾರಲು ಹೋಗಿ, ಊರಿನವರ ನಾಲಗೆಗೆ ತಕ್ಕಂತೆ ಕುರಿಯ ಬದಲು ದನದ ಮಾಂಸ, ಮೊಸರಿನ ಸಾಸ್ ಬದಲು ಕಂಡೆನ್ಸ್‌ಡ್ ಮಿಲ್ಕಿಗೆ ವಿನೆಗರ್, ಬೆಳ್ಳುಳ್ಳಿ ಕಲಸಿದ ಸಿಹಿ ಸಾಸ್ ಮಾಡಿದರು. ಬೆಳ್ಳುಳ್ಳಿ ಹಾಕಿದ ಮಿಲ್ಕ್‌ಮೇಡ್ ಎಂದು ಯೋಚಿಸಿ ಮುಖ ಸಿಂಡರಿಸಬೇಡಿ. 2015ರಲ್ಲಿ ಆ ಊರಿನ ನಗರಸಭೆ ಅದನ್ನು ಅಧಿಕೃತ ತಿನಿಸೆಂದೇ ಘೋಷಿಸಿದೆ. ಕೆನಡಾದ ಅಡುಗೆಯ ಗುಣ ಇರುವುದೇ ಇಲ್ಲಿ. ಅನಾನಸ್ ಹಾಕಿದ ಹವಾಯಿಯನ್ ಪಿಜ್ಜಾ ಹುಟ್ಟಿದ್ದು ಹವಾಯಿಯಲ್ಲಲ್ಲ, 1962ರಲ್ಲಿ ಒಂಟಾರಿಯೊದ ಚಾಟಮ್‌ನಲ್ಲಿ, ಸ್ಯಾಮ್ ಪನೊಪೊಲಸ್ ಎಂಬ ಇನ್ನೊಬ್ಬ ಗ್ರೀಕನ ಕೈಯಲ್ಲಿ. ಕ್ಯಾಲ್ಗರಿಯ ಚೀನೀ ಹೋಟೆಲಿನವರು ಜಿಂಜರ್ ಬೀಫ್ ಕಂಡುಹಿಡಿದರು. 2021ರ ಜನಗಣತಿಯ ಪ್ರಕಾರ ಕೆನಡಾದ ಜನರಲ್ಲಿ 23% ಹೊರದೇಶದಲ್ಲಿ ಹುಟ್ಟಿ ವಲಸೆ ಬಂದವರು. ದಕ್ಷಿಣ ಏಷ್ಯಾ ಮೂಲದವರೇ ಸುಮಾರು 26 ಲಕ್ಷ. ಮಂಟಪದಲ್ಲಿ ಮರ ಕಡಿಯುವವರ ಚೌಕಳಿ ಅಂಗಿಯಿದೆ, ಕಲ್ಲಿನ ಕಮಾನಿದೆ, ಬೆಟ್ಟವಿದೆ. ಈ ಜನರ ಅಡುಗೆಮನೆ ಇಲ್ಲ. “ನಮ್ಮ ಮನೆ ಪಕ್ಕದ ಬ್ರಾಂಪ್ಟನ್ ಎಲ್ಲಿ?” ಎಂದು ಅಕ್ಕನ ಮಗಳು ಕೇಳಿದ್ದು ತಮಾಷೆಗಲ್ಲ.

ಪೂಟೀನ್ ಮಾತ್ರ ಇತ್ತು. ಆಲೂಗಡ್ಡೆಯ ಬಿಸಿ ಫ್ರೈಸ್ ಮೇಲೆ ಚೀಸ್ ಕರ್ಡ್, ಅದರ ಮೇಲೆ ಕಂದು ಗ್ರೇವಿ. 1950ರ ದಶಕದ ಕೊನೆಗೆ ಕ್ವಿಬೆಕ್‌ನ ಹಳ್ಳಿಗಾಡಿನ ಹೋಟೆಲುಗಳಲ್ಲಿ ಹುಟ್ಟಿದ ತಿಂಡಿ. ವಾರ್ವಿಕ್‌ನವರು ನಮ್ಮದು ಅನ್ನುತ್ತಾರೆ, ಡ್ರಮಂಡ್‌ವಿಲ್‌ನವರು ನಮ್ಮದು ಅನ್ನುತ್ತಾರೆ. ಕರ್ಡ್ ಅಂದರೆ ಮೊಸರಲ್ಲ, ಚೆಡರನ್ನು ಅಚ್ಚಿಗೆ ಹಾಕಿ ಒತ್ತುವ ಮೊದಲಿನ ಹಸಿ ತುಣುಕು. ತಾಜಾ ಇದ್ದರೆ ಹಲ್ಲಿಗೆ ಸಿಕ್ಕಾಗ ಕಿರ್ರೆಂದು ಸದ್ದು ಮಾಡಬೇಕು, ಫ್ರಿಜ್ಜಿನಲ್ಲಿಟ್ಟರೆ ದನಿ ಹೋಗುತ್ತದೆ. ಇಲ್ಲಿನ ಮೆನುವಿನಲ್ಲಿ ಬಹುಕಾಲ ಹೆಸರು ಮಾಡಿದ್ದ ಪೂಟೀನ್‌ಗೆ ಕರಗುವ ಚೆಡರ್, ಟ್ರಫಲ್ ಉಪ್ಪು, ಕೆಂಪು ವೈನಿನ ಸಾಸ್. ರುಚಿ ಚೆನ್ನಾಗಿದೆ, ಪೂಟೀನ್ ಅಲ್ಲ. ರಸ್ತೆಬದಿಯ ಗಿರ್ಮಿಟ್‌ಗೆ ಕೇಸರಿ ಉದುರಿಸಿ ಬೆಳ್ಳಿ ಬಟ್ಟಲಲ್ಲಿ ಕೊಟ್ಟ ಹಾಗೆ. ಕ್ವಿಬೆಕ್‌ನವರಿಗೆ ಇನ್ನೊಂದು ದೂರೂ ಇದೆ. ಮೊದಲು ಬಡವರ ತಿಂಡಿಯೆಂದು ಅಣಕಿಸಿದವರೇ ಈಗ ಅದನ್ನು ಇಡೀ ಕೆನಡಾದ ರಾಷ್ಟ್ರೀಯ ತಿನಿಸು ಅನ್ನುತ್ತಿದ್ದಾರೆ ಎಂದು.

ಹಾಗಾದರೆ ಸೂಪೂ ಸುಳ್ಳೇ? ಅಲ್ಲಿಯೇ ಕೂತು ಹಾಗಂದುಕೊಂಡಿದ್ದೆ. ಊರಿಗೆ ಬಂದ ಮೇಲೆ ಅಭಿಪ್ರಾಯ ಬದಲಾಯಿತು.

ಕೆನಡಾ ಹೊರಗಿನ ಮೇಳಗಳಲ್ಲಿ ತನ್ನನ್ನು ಚೀಸಿನಿಂದಲೇ ತೋರಿಸಿಕೊಂಡ ದೇಶ. ಒಂಟಾರಿಯೊದ ನಾರ್ವಿಚ್‌ನಲ್ಲಿ 1864ರಲ್ಲಿ ಮೊದಲ ಚೀಸ್ ಕಾರ್ಖಾನೆ ಶುರುವಾಯಿತು. ಎರಡೇ ವರ್ಷಕ್ಕೆ ಇಂಗರ್‌ಸಾಲ್‌ನವರು 7,300 ಪೌಂಡಿನ ಒಂದೇ ಗಡ್ಡೆ ಚೆಡರ್ ಮಾಡಿ ನ್ಯೂಯಾರ್ಕ್ ರಾಜ್ಯದ ಮೇಳಕ್ಕೂ ಇಂಗ್ಲೆಂಡಿಗೂ ಕಳಿಸಿದರು. ಅದರ ಮೇಲೆ ಪದ್ಯ ಬರೆದು ಜೇಮ್ಸ್ ಮಕಿಂಟೈರ್ ಎಂಬಾತ ಚೀಸ್ ಕವಿ ಎಂದೇ ಹೆಸರಾದ. 1893ರ ಶಿಕಾಗೊ ವಿಶ್ವಮೇಳಕ್ಕೆ, ವಿವೇಕಾನಂದರು ಮಾತಾಡಿದ ಅದೇ ವರ್ಷದ ಮೇಳಕ್ಕೆ, ಒಂಟಾರಿಯೊದ ಪರ್ತ್ ಊರಿನಿಂದ ಹೋದದ್ದು 22,000 ಪೌಂಡಿನ ಚೆಡರ್. ಆರಡಿ ಎತ್ತರ, 28 ಅಡಿ ಸುತ್ತಳತೆ. ಭಾರ ತಾಳದೆ ಮಂಟಪದ ನೆಲವೇ ಕುಸಿಯಿತು. ದೇಶವೊಂದರ ಪ್ರತಿನಿಧಿ ನೆಲ ಮುರಿದುಕೊಂಡು ಇಳಿದದ್ದನ್ನು ನಾನು ಬೇರೆಲ್ಲೂ ಓದಿಲ್ಲ. 1904ರ ಹೊತ್ತಿಗೆ ಕೆನಡಾ ಒಂದೇ ವರ್ಷದಲ್ಲಿ 23 ಕೋಟಿ ಪೌಂಡಿಗೂ ಹೆಚ್ಚು ಚೆಡರ್ ರಫ್ತು ಮಾಡುತ್ತಿತ್ತು. ಈ ವಂಶಾವಳಿ ಗೊತ್ತಾದ ಮೇಲೆ, ಆ ಮಂಟಪದಲ್ಲಿ ಕೋಟೆಗಿಂತ, ಬೆಟ್ಟಕ್ಕಿಂತ ಬಟ್ಟಲಿನಲ್ಲಿರುವ ಚೆಡರೇ ಹೆಚ್ಚು ಪ್ರಾಮಾಣಿಕ ಎನಿಸಿತು. ಹ್ಯಾಲಿಫ್ಯಾಕ್ಸಿನ ಹುಡುಗ ಮನೆಯಲ್ಲಿ ಉಣ್ಣದಿದ್ದರೂ ಚಿಂತೆಯಿಲ್ಲ. ಮೇಳದ ಊಟ ಮನೆಯ ಊಟವಾಗಬೇಕೆಂದು ಯಾರೂ ಕೇಳಿರಲಿಲ್ಲ.

ವಾಪಸು ಬರುವಾಗ ಅಕ್ಕನ ಮಗಳನ್ನು ಕೇಳಿದೆ, ನಿನಗೆ ಕೆನಡಾದ ರುಚಿ ಅಂದರೆ ಯಾವುದು? ತಡಮಾಡದೆ ಅಂದಳು, “ವಂಡರ್‌ಲ್ಯಾಂಡಿನ ಫನಲ್ ಕೇಕ್.” ಕೆನಡಾಸ್ ವಂಡರ್‌ಲ್ಯಾಂಡ್ ಎಂಬುದು ಟೊರಾಂಟೊ ಹತ್ತಿರದ ವಾನ್‌ನಲ್ಲಿ 1981ರ ಮೇ ತಿಂಗಳಲ್ಲಿ, ಎಪ್ಕಾಟ್‌ಗಿಂತ ಸುಮಾರು ಹದಿನಾರು ತಿಂಗಳು ಮೊದಲೇ ತೆರೆದ ಪಾರ್ಕು. ಅಲ್ಲೂ ಒಂದು ಸಿಮೆಂಟಿನ ಬೆಟ್ಟ, ಒಂದು ಜಲಪಾತ. ಬಾಗಿಲ ಬಳಿಯ ಬೀದಿಗೆ ಇಂಟರ್‌ನ್ಯಾಷನಲ್ ಸ್ಟ್ರೀಟ್ ಎಂದು ಹೆಸರು, ಅಲ್ಲಿ ಯೂರೋಪಿನ ಊರುಗಳ ಮಾದರಿ. ಫನಲ್ ಕೇಕ್ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ನರ ತಿಂಡಿ. ಹಿಟ್ಟನ್ನು ಲಾಳಿಕೆಯಿಂದ ಕಾದ ಎಣ್ಣೆಗೆ ಸುತ್ತುತ್ತ ಬಿಟ್ಟು, ಕೆಂಪಗೆ ಕರಿದು, ಮೇಲೆ ಸಕ್ಕರೆಪುಡಿ, ಸ್ಟ್ರಾಬೆರಿ. ಪಾಕಕ್ಕೆ ಬೀಳದ ಜಿಲೇಬಿ ಅನ್ನಿ. ಫ್ಲಾರಿಡಾದಲ್ಲಿ ಕೆನಡಾ ತೋರಿಸುತ್ತಾರೆ, ಕೆನಡಾದಲ್ಲಿ ಯೂರೋಪ್ ತೋರಿಸಿ ಅಮೆರಿಕದ ತಿಂಡಿ ಮಾರುತ್ತಾರೆ, ಜಯನಗರದ ಹುಡುಗಿಗೆ ಅದೇ ಬಾಲ್ಯದ ರುಚಿ.

ಎಪ್ಕಾಟ್ ಕಡೆ ಹೋಗುವವರಿದ್ದರೆ ಸೂಪ್ ಬಿಡಬೇಡಿ. ದುಬಾರಿ ಹೋಟೆಲೇ ಆಗಬೇಕೆಂದಿಲ್ಲ, ಅಲ್ಲಿನ ಆಹಾರ ಉತ್ಸವದ ದಿನಗಳಲ್ಲಿ ಕೆನಡಾದ ಗೂಡಂಗಡಿಯಲ್ಲಿ ಪುಟ್ಟ ಬಟ್ಟಲಲ್ಲಿ ಇದನ್ನೇ ಮಾರುತ್ತಾರೆ. ಬೇಕನ್, ಕೋಳಿ ಸ್ಟಾಕ್ ಇರುತ್ತದೆ, ತಿನ್ನದವರು ಮೊದಲೇ ವಿಚಾರಿಸಿಕೊಳ್ಳಿ. ಪೂಟೀನ್ ಕ್ವಿಬೆಕ್‌ಗೆ ಹೋಗುವವರೆಗೆ ಕಾಯಲಿ. ಬಿಲ್ ಕೊಡುವ ಮುಂಚೆ, ಬಡಿಸಿದವರ ಬಿಲ್ಲೆಯ ಮೇಲಿನ ಊರಿನ ಹೆಸರು ಓದಿ, ಅಲ್ಲಿ ಏನು ತಿನ್ನುತ್ತೀರಿ ಎಂದು ಒಂದು ಮಾತು ಕೇಳಿ.