ಎರಡು ಕಡೆಯ ಸಂಬಳ
1768ರ ಅಕ್ಟೋಬರ್ 4. ಮುಳಬಾಗಿಲಿನಲ್ಲಿ ಹೈದರಾಲಿಯ ಸೈನ್ಯ ಇಂಗ್ಲಿಷರ ಕರ್ನಲ್ ವುಡ್‌ನನ್ನು ಹಣ್ಣುಗಾಯಿ ಮಾಡಿತ್ತು. ಕ್ಯಾಪ್ಟನ್ ಬ್ರೂಕ್‌ನ ಸಣ್ಣ ತುಕಡಿ ಬಂಡೆಯ ಮೇಲಿಂದ ಎರಡು ತೋಪು ಹಾರಿಸಿ ‘ಸ್ಮಿತ್! ಸ್ಮಿತ್!’ ಎಂದು ಕೂಗಿತು. ಕರ್ನಲ್ ಸ್ಮಿತ್‌ನ ಪಡೆಯೇ ಬಂತೆಂದು ಮೈಸೂರಿನವರು ಕೊಂಚ ಹಿಂದೆ ಸರಿದರು. ಬರೀ ಬಾಯಿಮಾತಿನ ಮೋಸ!

ಇಂಥದ್ದಕ್ಕೆ ಕೌಟಿಲ್ಯ ತನ್ನ ‘ಅರ್ಥಶಾಸ್ತ್ರ’ದಲ್ಲಿ ಎಂದೋ ಮದ್ದು ಅರೆದಿಟ್ಟಿದ್ದ: ಮೂವರು ಗೂಢಚಾರರ ಸುದ್ದಿ ಒಂದೇ ಆದರೆ ಮಾತ್ರ ನಂಬು. ಶತ್ರುವಿನಿಂದಲೂ ಸಂಬಳ ಪಡೆಯುವ ‘ಉಭಯವೇತನ’ರನ್ನು ನೇಮಿಸುವಾಗ ಅವರ ಹೆಂಡತಿ ಮಕ್ಕಳು ನಿನ್ನ ವಶದಲ್ಲಿರಲಿ. ಕ್ರೂರ, ಹೌದು, ಆದರೆ ನಿಷ್ಠೆ ಎಲ್ಲಿ ಜಾರುತ್ತದೆಂದು ಬಲ್ಲವನ ಪಕ್ಕಾ ಕಸುಬುಗಾರಿಕೆ.

ಆ ‘ಅರ್ಥಶಾಸ್ತ್ರ’ದ ತಾಳೆಗರಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅವರೇ ಅದನ್ನು ಅಚ್ಚು ಹಾಕಿಸಿದರು.